ಕಿರುಮಾದರಿ ಜೋಡಣೆಯ ದೋಷಗಳು

ವಿಮಾನ, ಹಡಗು, ಟ್ಯಾಂಕ್, ಕಾರು, ಯೋಧರ ಆಕೃತಿ ಮೊದಲಾದವುಗಳ ಕಿರುಮಾದರಿಯನ್ನು ಬಿಡಿಭಾಗಗಳ ಕಿಟ್‌ನಿಂದ ಕಟ್ಟುವಾಗ, ಅದರಲ್ಲೂ ಭಾಗಗಳನ್ನು ಅಂಟಿಸುವ ಹಂತದಲ್ಲಿ, ಆಗುವ ಹಾನಿ ಮತ್ತು ವಿಕಾರಗಳನ್ನು ಕಿರುಮಾದರಿ ಜೋಡಣೆಯ ದೋಷಗಳು ಎನ್ನುತ್ತಾರೆ. ಸಂದು ಬಿಡುವುದು, ಮೇಲ್ಮೈ ಕರಗುವುದು, ಪಾರದರ್ಶಕ ಭಾಗ ಮಂಜಾಗುವುದು, ರೆಕ್ಕೆ ಓರೆಯಾಗುವುದು, ಕಾಲು ಬಿರಿಯುವುದು ಇವುಗಳಲ್ಲಿ ಸಾಮಾನ್ಯವಾದವು. ಹೆಚ್ಚಿನವಕ್ಕೆ ಮೂಲ ಕಾರಣ ಎರಡು: ಭಾಗದ ವಸ್ತುವಿಗೆ ಒಗ್ಗದ ಅಂಟಿನ ಆಯ್ಕೆ, ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಮುಂದಿನ ಕೆಲಸಕ್ಕೆ ಕೈಹಾಕುವುದು.

ಬಳಕೆಯಲ್ಲಿ ಎಲ್ಲವನ್ನೂ ‘ಗಮ್’ ಎಂದೇ ಕರೆಯುವುದುಂಟು. ದೋಷಗಳನ್ನು ಅರಿಯಲು ಈ ಒಂದೇ ಹೆಸರು ಸಾಲದು. ಈ ಲೇಖನದಲ್ಲಿ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರವಕ್ಕೆ ‘ಸಿಮೆಂಟ್’ ಎಂದೂ, ಎರಡು ಮೇಲ್ಮೈಗಳ ನಡುವೆ ಬೇರೆ ಪದರವಾಗಿ ನಿಂತು ಅವನ್ನು ಹಿಡಿಯುವ ವಸ್ತುವಿಗೆ ‘ಅಂಟು’ ಎಂದೂ, ಎರಡು ಭಾಗಗಳು ಸೇರುವ ಗೆರೆಗೆ ‘ಸಂದು’ ಎಂದೂ ಬಳಸಲಾಗಿದೆ.

ಹಿನ್ನೆಲೆ

ಪ್ಲಾಸ್ಟಿಕ್ ಬರುವ ಮೊದಲು ಹವ್ಯಾಸಿಗಳು ಮರ, ಕಾಗದ ಮತ್ತು ತಗಡಿನಲ್ಲಿ ಮಾದರಿ ಕಟ್ಟುತ್ತಿದ್ದರು. ಆಗಿನ ತೊಂದರೆಗಳು ಬಡಗಿ ಕೆಲಸದ ತೊಂದರೆಗಳೇ ಆಗಿದ್ದವು. 1936ರಲ್ಲಿ ಬ್ರಿಟನ್ನಿನಲ್ಲಿ ‘ಫ್ರಾಗ್ ಪೆಂಗ್ವಿನ್’ ಹೆಸರಿನ ಪ್ಲಾಸ್ಟಿಕ್ ವಿಮಾನ ಕಿಟ್‌ಗಳು ಮಾರುಕಟ್ಟೆಗೆ ಬಂದವು. 1:72 ಪ್ರಮಾಣದ ಈ ಕಿಟ್‌ಗಳ ವಸ್ತು ಸೆಲ್ಯುಲೋಸ್ ಅಸಿಟೇಟ್. ವರ್ಷಗಳು ಕಳೆದಂತೆ ಅದು ಸೊಟ್ಟಗಾಗುತ್ತಿತ್ತು, ಕುಗ್ಗುತ್ತಿತ್ತು. ಹೀಗಾಗಿ ಪ್ಲಾಸ್ಟಿಕ್ ಮಾದರಿಯ ಮೊದಲ ದೋಷ ಕಟ್ಟುವವರ ಕೈಯಿಂದ ಬಂದದ್ದಲ್ಲ, ವಸ್ತುವಿನಲ್ಲೇ ಇದ್ದದ್ದು.

ಎರಡನೆಯ ಮಹಾಯುದ್ಧದ ನಂತರ ಪಾಲಿಸ್ಟೈರೀನ್ ಆ ಜಾಗವನ್ನು ಹಿಡಿಯಿತು. 1952ರಲ್ಲಿ ಏರ್‌ಫಿಕ್ಸ್ ಕಂಪನಿಯು ‘ಗೋಲ್ಡನ್ ಹೈಂಡ್’ ಹಡಗಿನ ಪುಟ್ಟ ಕಿಟ್ಟನ್ನು ಹೊರತಂದು, ವೂಲ್‌ವರ್ತ್ ಅಂಗಡಿಗಳ ಮೂಲಕ ಅಗ್ಗದ ದರಕ್ಕೆ ಮಾರಿತು. ಅಮೆರಿಕದಲ್ಲಿ ರೆವೆಲ್ ಮತ್ತು ಮಾನೊಗ್ರಾಮ್ ಬೆಳೆದವು. ಜಪಾನಿನ ಶಿಜುವೊಕಾದಲ್ಲಿ ಮರದ ವ್ಯಾಪಾರದಿಂದ ಆರಂಭಿಸಿದ್ದ ತಮಿಯಾ 1960ರಲ್ಲಿ ‘ಯಮಾಟೊ’ ಯುದ್ಧನೌಕೆಯ ತನ್ನ ಮೊದಲ ಪ್ಲಾಸ್ಟಿಕ್ ಕಿಟ್ಟನ್ನು ಮಾಡಿತು. 1980ರಲ್ಲಿ ಬಂದ ಬಂದಾಯಿಯ ಗನ್‌ಡಮ್ ರೋಬಾಟ್ ಕಿಟ್‌ಗಳಿಗೂ ಆರಂಭದಲ್ಲಿ ಸಿಮೆಂಟ್ ಬೇಕಿತ್ತು. ಒತ್ತಿ ಕೂರಿಸುವ ಬಗೆ ನಂತರದ್ದು.

ಆಟದ ಮೇಜಿಗೆ ಬೇಕಾದ ಯೋಧರ ಆಕೃತಿಗಳು ಬೇರೆ ದಾರಿಯಲ್ಲಿ ಬಂದವು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ‘ವಾರ್‌ಹ್ಯಾಮರ್’ ಆಟವನ್ನು ಪ್ರಕಟಿಸಿದಾಗ ಪುಟ್ಟ ಆಕೃತಿಗಳನ್ನು ಹೆಚ್ಚಾಗಿ ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯಲಾಗುತ್ತಿತ್ತು. 1990ರ ದಶಕದಲ್ಲಿ ಸೀಸವಿಲ್ಲದ ಮಿಶ್ರಲೋಹ ಬಳಕೆಗೆ ಬಂತು, ಪ್ಲಾಸ್ಟಿಕ್ ಮತ್ತು ರೆಸಿನ್ ಬಳಕೆಯೂ ಹೆಚ್ಚಿತು. ಇಂದು ಒಂದೇ ಮೇಜಿನ ಮೇಲೆ ನಾಲ್ಕೈದು ಬಗೆಯ ವಸ್ತುಗಳು ಇರುತ್ತವೆ. ಅಂಟಿನ ಗೊಂದಲ ಹುಟ್ಟುವುದು ಇಲ್ಲಿಯೇ.

ಬೆಸೆಯುವಿಕೆ ಮತ್ತು ಹಿಡಿಯುವಿಕೆ

ಪಾಲಿಸ್ಟೈರೀನ್ ಉದ್ದುದ್ದನೆಯ ಅಣುಸರಪಳಿಗಳ ಗೋಜಲು. ಅಸಿಟೋನ್, ಬ್ಯೂಟೈಲ್ ಅಸಿಟೇಟ್, ಟಾಲ್ವೀನ್‌ನಂಥ ದ್ರಾವಕ ತಗುಲಿದರೆ ಸರಪಳಿಗಳು ಸಡಿಲಗೊಂಡು ಮೇಲ್ಮೈ ಮೆತ್ತಗಾಗುತ್ತದೆ. ಹೀಗೆ ಮೆತ್ತಗಾದ ಎರಡು ಮುಖಗಳನ್ನು ಒತ್ತಿದರೆ ಒಂದರ ಸರಪಳಿ ಇನ್ನೊಂದರೊಳಗೆ ಹೊಕ್ಕು ಹೆಣೆದುಕೊಳ್ಳುತ್ತದೆ. ದ್ರಾವಕ ಆವಿಯಾಗಿ ಹೋದ ಮೇಲೆ ಉಳಿಯುವುದು ಒಂದೇ ಪ್ಲಾಸ್ಟಿಕ್. ಸರಿಯಾಗಿ ಕೂಡಿದ ಇಂಥ ಸಂದು ಸುತ್ತಲಿನ ಗೋಡೆಯಷ್ಟೇ ಬಲವಾಗಿರುತ್ತದೆ.

ಸೂಪರ್‌ಗ್ಲೂ, ಎಪಾಕ್ಸಿ ಮತ್ತು ಬಿಳಿ ಅಂಟು ಹೀಗೆ ಮಾಡುವುದಿಲ್ಲ. ಅವು ತಾವೇ ಗಟ್ಟಿಯಾಗಿ, ಎರಡು ಮೇಲ್ಮೈಗಳಿಗೆ ಅಂಟಿಕೊಂಡು ನಿಲ್ಲುತ್ತವೆ. ಮೇಲ್ಮೈಯಲ್ಲಿ ಎಣ್ಣೆ, ದೂಳು ಅಥವಾ ಬಣ್ಣ ಇದ್ದರೆ ಅಂಟು ಹಿಡಿಯುವುದು ಅದನ್ನೇ, ಭಾಗವನ್ನಲ್ಲ.

ಈ ವ್ಯತ್ಯಾಸದಿಂದ ಒಂದು ನಿಯಮ ಹೊರಡುತ್ತದೆ: ಸಿಮೆಂಟ್ ತನಗೆ ಕರಗುವ ಪ್ಲಾಸ್ಟಿಕ್ಕಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಪಾಲಿಸ್ಟೈರೀನ್‌ಗೆಂದು ಮಾಡಿದ ಸಿಮೆಂಟ್ ಲೋಹದ ಮೇಲಾಗಲಿ, ಗಟ್ಟಿಯಾದ ರೆಸಿನ್ನಿನ ಮೇಲಾಗಲಿ, 3ಡಿ ಮುದ್ರಣದ ಭಾಗಗಳ ಮೇಲಾಗಲಿ ಒದ್ದೆ ಮಾಡಿ ಒಣಗಿಹೋಗುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿಗೆ ಅದಕ್ಕೆಂದೇ ಮಾಡಿದ, ಹೆಚ್ಚು ಕಟುವಾದ ಸಿಮೆಂಟ್ ಬೇಕು. ಮೆತ್ತನೆಯ ಪಾಲಿಎಥಿಲೀನ್ ಯೋಧರ ಬೊಂಬೆಗಳಿಗೆ ಸಿಮೆಂಟೂ ಹಿಡಿಯದು, ಸಾಮಾನ್ಯ ಅಂಟೂ ನೆಚ್ಚಿಕೆಗೆ ಬಾರದು, ಬಣ್ಣವೂ ನಿಲ್ಲದು. ಭಾಗ ಯಾವ ವಸ್ತುವಿನದೆಂಬ ವಿವರ ಕಿಟ್‌ನ ಪೆಟ್ಟಿಗೆಯ ಮೇಲೆ ಅಥವಾ ಸೂಚನಾ ಪತ್ರದಲ್ಲಿ ಸಿಗುವುದುಂಟು. ಇಲ್ಲದಿದ್ದರೆ ಸ್ಪ್ರೂ ಎಂಬ ಚೌಕಟ್ಟಿನ ತುಂಡೊಂದಕ್ಕೆ ಒಂದು ಹನಿ ಸಿಮೆಂಟ್ ಹಚ್ಚಿ ನೋಡಿದರೆ ತಿಳಿಯುತ್ತದೆ. ಮೆತ್ತಗಾಗಿ ಹೊಳೆದರೆ ಅದು ಕರಗುವ ಪ್ಲಾಸ್ಟಿಕ್.

ಅಚ್ಚಿನಿಂದಲೇ ಬರುವ ದೋಷಗಳು

ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ ಭಾಗಗಳನ್ನು ತಯಾರಿಸುತ್ತಾರೆ. ಅಚ್ಚಿನ ಎರಡು ಅರೆಗಳು ಕೂಡುವಲ್ಲಿ ತೆಳು ಏಣು ಉಳಿಯುತ್ತದೆ. ಅಚ್ಚು ಸವೆದಿದ್ದರೆ ಅದು ಹಾಳೆಯಂತೆ ಅಂಚಿನಾಚೆಗೂ ಹರಡಿರುತ್ತದೆ. ದಪ್ಪ ಜಾಗ ತಣ್ಣಗಾಗುವಾಗ ಒಳಕ್ಕೆ ಕುಗ್ಗಿ ಸಣ್ಣ ತಗ್ಗು ಬೀಳುತ್ತದೆ. ಭಾಗವನ್ನು ಅಚ್ಚಿನಿಂದ ಹೊರದೂಡುವ ಕಡ್ಡಿಗಳು ದುಂಡನೆಯ ಗುರುತು ಬಿಡುತ್ತವೆ. ಇವನ್ನೆಲ್ಲ ಅಂಟಿಸುವ ಮೊದಲೇ ಅರ ಮತ್ತು ಸ್ಯಾಂಡ್‌ಪೇಪರಿನಿಂದ ಸರಿಮಾಡಬೇಕು. ಕೂಡುವ ಮುಖದ ಮೇಲೆ ಒಂದು ಕಡ್ಡಿಯ ಗುರುತು ಉಬ್ಬಿಕೊಂಡಿದ್ದರೂ ಸಾಕು, ಇಡೀ ಸಂದು ಬಾಯಿ ಬಿಡುತ್ತದೆ. ಅಂಟಿಸುವವರು ಆ ಬಿರುಕಿಗೆ ಸಿಮೆಂಟನ್ನು ದೂರುವುದೇ ಹೆಚ್ಚು.

ಸ್ಪ್ರೂನಿಂದ ಭಾಗವನ್ನು ತಿರುಚಿ ಕಿತ್ತರೆ ಅಥವಾ ಕಟ್ಟರನ್ನು ಮೈಗೆ ತಾಗಿಸಿ ಒಂದೇ ಏಟಿಗೆ ಕತ್ತರಿಸಿದರೆ ಅಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಭಾಗದ ಮೈಯನ್ನೇ ಗುಳಿ ಬೀಳುವಂತೆ ಕಿತ್ತುಕೊಂಡು ಬರುತ್ತದೆ. ಮೊದಲು ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊಟಕನ್ನು ಎರಡನೆಯ ಸಲ ಹರಿತ ಬ್ಲೇಡಿನಿಂದ ಸವರುವುದು ರೂಢಿಯ ಕ್ರಮ.

ಸಿಮೆಂಟಿನ ದೋಷಗಳು

ಅತಿ ಸಾಮಾನ್ಯವಾದದ್ದು ಬೆರಳಚ್ಚು. ತೆಳು ಸಿಮೆಂಟ್ ನೀರಿಗಿಂತಲೂ ಸಲೀಸಾಗಿ ಹರಿಯುತ್ತದೆ. ಕುಂಚದ ತುದಿಯನ್ನು ಸಂದಿಗೆ ತಾಗಿಸಿದೊಡನೆ ಅದು ಲೋಮನಾಳದಂತೆ ಗೆರೆಯುದ್ದಕ್ಕೂ ಓಡುತ್ತದೆ. ಈ ಗುಣವೇ ಅದರ ಅನುಕೂಲ, ಈ ಗುಣವೇ ಅದರ ಅಪಾಯ. ಭಾಗವನ್ನು ಹಿಡಿದ ಬೆರಳು ಸಂದಿನ ಮೇಲಿದ್ದರೆ ಸಿಮೆಂಟ್ ಬೆರಳಿನಡಿಗೂ ನುಗ್ಗುತ್ತದೆ. ಬೆರಳೆತ್ತಿದಾಗ ಚರ್ಮದ ಗೆರೆಗಳೆಲ್ಲ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿರುತ್ತವೆ. ಭಾಗಗಳನ್ನು ಬಿಗಿದಿಟ್ಟ ಮಾಸ್ಕಿಂಗ್ ಟೇಪಿನಿಂದಲೂ ಇದೇ ಆಗುತ್ತದೆ: ಟೇಪ್ ಸಂದನ್ನು ದಾಟುವ ಕಡೆ ದ್ರವ ಅದರಡಿ ಹರಡಿ ಒರಟು ಪಟ್ಟೆ ಬಿಡುತ್ತದೆ. ಸಿಮೆಂಟ್ ತಾಗಿಸಬೇಕಾದದ್ದು ಟೇಪುಗಳ ನಡುವಿನ ಬಯಲಲ್ಲಿ. ಮೇಲ್ಮೈಗೆ ಹನಿ ಬಿದ್ದರೆ ಒರೆಸಬಾರದು. ಒರೆಸಿದರೆ ಮೆತ್ತಗಾದ ಪ್ಲಾಸ್ಟಿಕ್ ಬಟ್ಟೆಯ ಜೊತೆ ಎಳೆದುಕೊಂಡು ಹೋಗಿ ಕಲೆ ದೊಡ್ಡದಾಗುತ್ತದೆ. ಹಾಗೇ ಒಣಗಲು ಬಿಟ್ಟರೆ ಬಹುಪಾಲು ಆವಿಯಾಗುತ್ತದೆ, ಉಳಿದ ಗುರುತನ್ನು ಉಜ್ಜಿ ತೆಗೆಯಬಹುದು.

ಟ್ಯೂಬಿನ ಸಿಮೆಂಟಿನಲ್ಲಿ ದ್ರಾವಕದ ಜೊತೆ ಕರಗಿದ ಪಾಲಿಸ್ಟೈರೀನ್ ಕೂಡ ಇರುವುದರಿಂದ ಅದು ದಪ್ಪ, ಎಳೆಎಳೆಯಾಗಿ ಬರುತ್ತದೆ. ಅತಿಯಾದರೆ ಸಂದಿನಿಂದ ಉಕ್ಕಿ ಪಕ್ಕದ ತಗಡುಗೆರೆ, ಮೊಳೆಗುರುತುಗಳನ್ನು ಮುಚ್ಚಿಬಿಡುತ್ತದೆ. ತೆಳು ಭಾಗಗಳಿಗೆ ಇನ್ನೂ ಕೆಟ್ಟದ್ದಾಗುತ್ತದೆ: ದ್ರಾವಕ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿದು ಹೊರಮೈ ಕುಸಿಯುತ್ತದೆ. ಮುಚ್ಚಿದ ಟೊಳ್ಳಿನೊಳಗೆ, ಉದಾಹರಣೆಗೆ ವಿಮಾನದ ಇಂಧನ ತೊಟ್ಟಿಯೊಳಗೆ, ಸಿಮೆಂಟ್ ಹೆಚ್ಚಾಗಿ ಉಳಿದರೆ ಆವಿ ಹೊರಹೋಗಲು ದಾರಿಯಿಲ್ಲದೆ ಒಳಗಿನಿಂದಲೇ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕಾಣದ ಕಡೆ ಒಂದು ಸಣ್ಣ ತೂತು ಕೊರೆದಿಟ್ಟರೆ ಈ ಕಾಟವಿಲ್ಲ.

ಮತ್ತೆ ಮೂಡುವ ಸಂದು ಅನುಭವಿಗಳನ್ನೂ ಕಾಡುವ ದೋಷ. ವಿಮಾನದ ಒಡಲಿನ ಎರಡು ಹೋಳುಗಳನ್ನು ಸಿಮೆಂಟಿನಿಂದ ಒತ್ತಿದಾಗ ಸಂದಿನುದ್ದಕ್ಕೂ ಮೆತ್ತಗಾದ ಪ್ಲಾಸ್ಟಿಕ್ ಕಿರು ಏಣಾಗಿ ಮೇಲೇಳುತ್ತದೆ. ಇದು ಒಳ್ಳೆಯ ಲಕ್ಷಣ, ಏಕೆಂದರೆ ಗಟ್ಟಿಯಾದ ಮೇಲೆ ಅದನ್ನು ಉಜ್ಜಿದರೆ ಗೆರೆಯೇ ಕಾಣದು. ಆ ಏಣು ಕೆಲವು ಗಂಟೆಗಳಲ್ಲಿ ಕೈಗೆ ಗಟ್ಟಿ ಎನಿಸುತ್ತದೆ, ಆದರೆ ಒಳಗೆ ದ್ರಾವಕ ಇನ್ನೂ ಇರುತ್ತದೆ. ಆಗಲೇ ಉಜ್ಜಿ ನುಣುಪು ಮಾಡಿ ಬಣ್ಣ ಬಳಿದರೆ, ಮುಂದಿನ ದಿನಗಳಲ್ಲಿ ಉಳಿದ ದ್ರಾವಕವೂ ಹೊರಹೋಗಿ ಆ ಜಾಗ ಕುಗ್ಗುತ್ತದೆ. ಹೊಳೆಯುವ ಬಣ್ಣದ ಅಡಿಯಲ್ಲಿ ಸಂದಿನ ಗೆರೆ ತೆಳು ತಗ್ಗಾಗಿ ತಿರುಗಿ ಮೂಡುತ್ತದೆ. ತೆಳು ಸಿಮೆಂಟಿಗೆ ಕನಿಷ್ಠ 24 ಗಂಟೆ, ಟ್ಯೂಬಿನ ಸಿಮೆಂಟಿಗೆ ಹಲವು ದಿನ ಬಿಡುವುದು ಸುರಕ್ಷಿತ. ಬಿರುಕು ತುಂಬಲು ಮೆತ್ತುವ ಪುಟ್ಟಿಯೂ ಹೀಗೆಯೇ ಕುಗ್ಗುತ್ತದೆ. ಒಮ್ಮೆಗೇ ದಪ್ಪ ಮೆತ್ತುವ ಬದಲು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು.

ಬಣ್ಣ ಬಳಿದ ಮುಖಗಳನ್ನು ಸಿಮೆಂಟಿನಿಂದ ಕೂಡಿಸುವುದು ಇನ್ನೊಂದು ತಪ್ಪು. ದ್ರಾವಕ ಬಣ್ಣದ ಪದರದಲ್ಲೇ ತಡೆದು ನಿಲ್ಲುತ್ತದೆ, ಇಲ್ಲವೇ ಬಣ್ಣವನ್ನು ಕಲಸಿ ಕೆಸರು ಮಾಡುತ್ತದೆ. ಭಾಗ ಅಂಟಿದಂತೆ ಕಂಡು, ಎತ್ತಿದಾಗ ಬಣ್ಣದ ಸಿಪ್ಪೆಯ ಸಮೇತ ಕಳಚುತ್ತದೆ. ಕೂಡುವ ಜಾಗದಲ್ಲಿ ಬಣ್ಣ ಕೆರೆದು ಬರಿ ಪ್ಲಾಸ್ಟಿಕ್ ಕಾಣಿಸಬೇಕು.

ಸೂಪರ್‌ಗ್ಲೂ ದೋಷಗಳು

ಸೂಪರ್‌ಗ್ಲೂ ರಾಸಾಯನಿಕವಾಗಿ ಸಯನೊಅಕ್ರಿಲೇಟ್. 1942ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಅವರ ತಂಡ ಬಂದೂಕಿನ ಗುರಿಕಾಣುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಎದುರಾಯಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗಿಟ್ಟರು. 1951ರಲ್ಲಿ ಆ ಗುಣದ ಬೆಲೆ ತಿಳಿಯಿತು, 1958ರಲ್ಲಿ ಮಾರಾಟ ಆರಂಭವಾಯಿತು. ಭಾರತದಲ್ಲಿ ಇದೇ ಬಗೆಯ ಅಂಟು ಫೆವಿಕ್ವಿಕ್ ಎಂಬ ಹೆಸರಿನಲ್ಲಿ ಮನೆಮನೆಗೆ ಗೊತ್ತು.

ಇದು ಒಣಗುವುದಿಲ್ಲ, ಮೇಲ್ಮೈಯಲ್ಲಿರುವ ತೇವಾಂಶದ ಪ್ರಚೋದನೆಯಿಂದ ಗಟ್ಟಿಯಾಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 40ರಿಂದ 60ರಷ್ಟಿದ್ದಾಗ ಅದರ ನಡತೆ ಅತ್ಯುತ್ತಮ. ಕರಾವಳಿಯ ಮಳೆಗಾಲದಲ್ಲಿ ಭಾಗವನ್ನು ನೇರ ಮಾಡುವಷ್ಟರಲ್ಲೇ ಹಿಡಿದುಬಿಡಬಹುದು, ಬಾಯಿ ತೆರೆದ ಟ್ಯೂಬು ಬೇಗ ಕಲ್ಲಾಗುತ್ತದೆ. ಒಣಹವೆಯಲ್ಲಿ ನಿಧಾನವಾಗುತ್ತದೆ. ಪದರ ತೆಳುವಾದಷ್ಟೂ ಹಿಡಿತ ಹೆಚ್ಚು. ದಪ್ಪ ಹನಿ ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ‘ಜಾಸ್ತಿ ಹಾಕಿದರೆ ಗಟ್ಟಿ’ ಎಂಬ ನಂಬಿಕೆ ಇಲ್ಲಿ ಪೂರ್ತಿ ತಿರುಗುಮುರುಗು.

ಬಿಳಿ ಮಂಜು ಈ ಅಂಟಿನ ಪ್ರಸಿದ್ಧ ದೋಷ. ಇನ್ನೂ ಗಟ್ಟಿಯಾಗದ ಅಂಟು ಆವಿಯಾಗಿ ಮೇಲೆದ್ದು, ಸುತ್ತಲಿನ ಮೇಲ್ಮೈಯಲ್ಲಿ ಗಟ್ಟಿಗೊಂಡು ಬಿಳಿ ಪುಡಿಯಾಗಿ ಕೂರುತ್ತದೆ. ಕಾಕ್‌ಪಿಟ್ಟಿನ ಗಾಜಿನಂಥ ಮುಚ್ಚಳ ಇದಕ್ಕೆ ಮೊದಲ ಬಲಿ. ಅಂಟಿಸಿದಾಗ ಸ್ಫಟಿಕದಂತಿದ್ದ ಮುಚ್ಚಳದ ಒಳಮೈ ಬೆಳಗಾಗುವಷ್ಟರಲ್ಲಿ ಹಾಲಿನ ಕೆನೆ ಕಟ್ಟಿದಂತಾಗಿರುತ್ತದೆ, ಗಂಟೆಗಟ್ಟಲೆ ಕೂತು ಬಣ್ಣ ಬಳಿದಿದ್ದ ಒಳಗಿನ ಪೈಲಟ್ ಬೊಂಬೆ ಮಬ್ಬಾಗಿರುತ್ತದೆ. ಅದು ಒಳಭಾಗದಲ್ಲಿರುವುದರಿಂದ ಮುಚ್ಚಳ ಕೀಳದೆ ಒರೆಸಲು ಬಾರದು. ಪಾರದರ್ಶಕ ಭಾಗಗಳಿಗೆ ಬಿಳಿ ಅಂಟು ಬಳಸಬೇಕೆಂಬ ನಿಯಮ ಹುಟ್ಟಿದ್ದು ಈ ಕಾರಣದಿಂದ. ಫೆವಿಕಾಲ್ ಜಾತಿಯ ಈ ಅಂಟು ನಿಧಾನ, ಬಲ ಕಡಿಮೆ, ಆದರೆ ಒಣಗಿದಾಗ ಬಹುಮಟ್ಟಿಗೆ ತಿಳಿಯಾಗುತ್ತದೆ. ಹೆಚ್ಚಾದದ್ದನ್ನು ಹಸಿ ಇರುವಾಗಲೇ ಒದ್ದೆ ಕುಂಚದಿಂದ ತೆಗೆಯಬಹುದು.

ಗಟ್ಟಿಯಾದ ಸೂಪರ್‌ಗ್ಲೂ ಎಳೆತವನ್ನು ತಾಳುತ್ತದೆ, ಪೆಟ್ಟನ್ನು ತಾಳದು. ಅದು ಗಾಜಿನಂತೆ ಪೆಡಸು. ಆಟದ ಆಕೃತಿ ಮೇಜಿನಿಂದ ಬಿದ್ದಾಗ ತೋಳು ಸಂದಿನಲ್ಲೇ ಟಪ್ಪೆಂದು ಹಾರುವುದು ಅದರಿಂದ. ಸಂದು ತುಂಬಲು ಬಳಸಿದಾಗ ಒಂದು ದಿನ ಬಿಟ್ಟು ಉಜ್ಜಿದರೆ ಅಂಟು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಡುಸಾಗಿರುತ್ತದೆ. ಪ್ಲಾಸ್ಟಿಕ್ ಸವೆದು ಅಂಟು ದಿಬ್ಬವಾಗಿ ನಿಲ್ಲುತ್ತದೆ. ಇಲ್ಲಿ ತಾಳ್ಮೆಯೇ ತಪ್ಪು: ಸಿಮೆಂಟ್ ಸಂದನ್ನು ಕಾಯಬೇಕು, ಸೂಪರ್‌ಗ್ಲೂ ಸಂದನ್ನು ಗಟ್ಟಿಯಾದ ಒಂದೆರಡು ಗಂಟೆಯಲ್ಲೇ ಉಜ್ಜಬೇಕು. ಅಡುಗೆ ಸೋಡ ಉದುರಿಸಿದರೆ ಈ ಅಂಟು ಕ್ಷಣದಲ್ಲಿ ಗಟ್ಟಿಯಾಗಿ ಸಂದನ್ನು ತುಂಬುತ್ತದೆ, ಆದರೆ ಒಮ್ಮೆ ಕೂತದ್ದನ್ನು ಕದಲಿಸಲಾಗದು.

ರೆಸಿನ್ ಮತ್ತು ಲೋಹದ ಭಾಗಗಳು

ರೆಸಿನ್ ಭಾಗಗಳು ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡಿನ ಜೊತೆಗೇ ಗ್ರಾಹಕರ ಕೈಸೇರುತ್ತವೆ. ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯದಿದ್ದರೆ ಅಂಟೂ ಹಿಡಿಯದು, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರೂ ಹಿಡಿಯದು. ಸೊಟ್ಟಗಾದ ಕತ್ತಿ, ಬಂದೂಕುಗಳನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ ತಣ್ಣೀರಿಗಿಟ್ಟರೆ ಆಕಾರ ನಿಲ್ಲುತ್ತದೆ. ಗಾಳಿಗುಳ್ಳೆಯಿಂದಾದ ತೂತುಗಳನ್ನು ಪುಟ್ಟಿಯಿಂದ ಮುಚ್ಚಬೇಕು. 3ಡಿ ಮುದ್ರಣದ ರೆಸಿನ್ನಿಗೆ ಮುದ್ರಣದ ನಂತರ ಬೆಳಕಿನಲ್ಲಿ ಹದ ಬರಿಸುವ ಹಂತವಿದೆ. ಕಡಿಮೆಯಾದರೆ ಮೇಲ್ಮೈ ಅಂಟಂಟು, ಅತಿಯಾದರೆ ಪೆಡಸು.

ಎರಕದ ಲೋಹಕ್ಕೆ ಭಾರವೇ ಶತ್ರು. ಲೋಹದ ರೆಕ್ಕೆ ಅಥವಾ ಎತ್ತಿದ ತೋಳನ್ನು ಬರಿಯ ಸೂಪರ್‌ಗ್ಲೂ ಬಹುಕಾಲ ಹೊರಲಾರದು. ಎರಡೂ ಭಾಗಗಳಿಗೆ ಸುಮಾರು 1 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿಯ ತುಂಡನ್ನು ಒಳಗೆ ಕೂರಿಸಿ ಎಪಾಕ್ಸಿಯಿಂದ ಬಿಗಿಯುತ್ತಾರೆ. ಎಪಾಕ್ಸಿಯ ಎರಡು ಪಾಲುಗಳನ್ನು ಅಳತೆ ತಪ್ಪಿ ಬೆರೆಸಿದರೆ ಅದು ಎಷ್ಟು ದಿನವಾದರೂ ರಬ್ಬರಿನಂತೆ ಮೆತ್ತಗೇ ಉಳಿಯುತ್ತದೆ. ಹಿತ್ತಾಳೆ ಹಾಳೆಯಲ್ಲಿ ಕೊರೆದ ಕಿರು ಭಾಗಗಳು ಚಿಮುಟದಿಂದ ಚಿಮ್ಮಿ ಕಳೆದುಹೋಗುವುದು ನಿತ್ಯದ ಸಂಗತಿ.

ಕ್ರಮ ಮತ್ತು ಸಮತೋಲನದ ದೋಷಗಳು

ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡುವುದನ್ನು ಬಿಟ್ಟರೆ ತಪ್ಪುಗಳು ಒಂದರ ಹಿಂದೆ ಒಂದು ಬರುತ್ತವೆ. ಕಾಕ್‌ಪಿಟ್ ಅರ್ಧ ಮಿ.ಮೀ. ಮೇಲೆ ಕೂತರೆ ಒಡಲು ಮುಚ್ಚದು, ಒಡಲು ಅಗಲವಾದರೆ ರೆಕ್ಕೆಯ ಬುಡದಲ್ಲಿ ಮೆಟ್ಟಿಲು ಬೀಳುತ್ತದೆ. ಮುಂದಿನಿಂದ ನೋಡಿದಾಗ ಎರಡು ರೆಕ್ಕೆಗಳ ಏರು ಒಂದೇ ಸಮ ಇದೆಯೇ, ಬಾಲದ ರೆಕ್ಕೆ ನೇರ ನಿಂತಿದೆಯೇ ಎಂಬುದನ್ನು ಸಿಮೆಂಟ್ ಮೆತ್ತಗಿರುವಾಗಲೇ ನೋಡಬೇಕು.

ಮೂತಿಯ ಕೆಳಗೆ ಗಾಲಿಯಿರುವ ವಿಮಾನಗಳು ಬಾಲದ ಮೇಲೆ ಕುಳಿತುಬಿಡಬಹುದು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಪರವಾನಗಿ ಪಡೆದು ತಯಾರಿಸಿದ, ಏರ್‌ಫಿಕ್ಸ್ 1:72 ಪ್ರಮಾಣದಲ್ಲಿ ಕಿಟ್ ಮಾಡಿದ ನ್ಯಾಟ್ ಯುದ್ಧವಿಮಾನವೂ ಮೂತಿಗಾಲಿಯ ವರ್ಗದ್ದೇ. ಇಂಥ ಮಾದರಿಗಳಲ್ಲಿ ಒಡಲು ಮುಚ್ಚುವ ಮೊದಲೇ ಮೂತಿಯೊಳಗೆ ತೂಕ ಇಡಬೇಕು. ಮುಚ್ಚಿದ ಮೇಲೆ ನೆನಪಾದರೆ ದಾರಿಯಿಲ್ಲ.

ತಡವಾಗಿ ಕಾಣುವ ದೋಷಗಳು

ಮೂತಿಯೊಳಗಿನ ತೂಕಕ್ಕೆ ಸೀಸದ ಗುಂಡುಗಳನ್ನು ಬಳಸಿ ಬಿಳಿ ಅಂಟಿನಿಂದ ಹಿಡಿಸಿದರೆ ವರ್ಷಗಳ ನಂತರ ಬೇರೊಂದು ಪೆಟ್ಟು ಕಾದಿರುತ್ತದೆ. ಬಿಳಿ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ. ಸೀಸ ಬಿಳಿ ಕಾರ್ಬೊನೇಟ್ ಆಗಿ ಉಬ್ಬಿ ಒಡಲಿನ ಸಂದನ್ನೇ ಸೀಳುತ್ತದೆ. ಹಳೆಯ ಸೀಸದ ಆಕೃತಿಗಳನ್ನು ಓಕ್ ಮರದ ಕಪಾಟಿನಲ್ಲಿಟ್ಟಾಗ ಅವು ಬೂದಿಯಾಗುವುದಕ್ಕೂ ಮರದಿಂದ ಹೊಮ್ಮುವ ಇದೇ ಜಾತಿಯ ಆಮ್ಲದ ಆವಿ ಕಾರಣ.

ಮೆತ್ತನೆಯ ವಿನೈಲ್ ಟೈರು ಮತ್ತು ಟ್ಯಾಂಕ್ ಪಟ್ಟಿಗಳಲ್ಲಿ ಮೃದುತ್ವಕ್ಕಾಗಿ ಬೆರೆಸಿದ ಎಣ್ಣೆಯಂಥ ವಸ್ತು ಮೆಲ್ಲಗೆ ಪಾಲಿಸ್ಟೈರೀನ್ ಗಾಲಿಯೊಳಗೆ ಇಳಿದು ಅದನ್ನು ಕರಗಿಸುತ್ತದೆ. ಗಾಲಿಯ ಅಂಚಿಗೆ ಬಣ್ಣದ ಪದರ ಕೊಟ್ಟು ಇದನ್ನು ತಡೆಯಬಹುದು. ಬಿಗಿಯಾಗಿ ಒತ್ತಿ ಕೂರಿಸಿದ ಭಾಗಗಳಿಗೆ, ಅದರಲ್ಲೂ ಎಬಿಎಸ್ ಕೀಲುಗಳಿಗೆ, ಎನಾಮೆಲ್ ಬಣ್ಣದ ತಿನ್ನರ್ ತಗುಲಿದರೆ ಒತ್ತಡವಿರುವ ಕಡೆ ಬಿರುಕು ಬೀಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ಮಾದರಿಯನ್ನು ಬಿಟ್ಟರೆ ರೆಕ್ಕೆಗಳು ಜೋತುಬೀಳಬಹುದು.

ದುರಸ್ತಿ

ಓರೆಯಾಗಿ ಕೂತ ಸಿಮೆಂಟ್ ಸಂದನ್ನು ಮೊದಲ ಕೆಲವು ನಿಮಿಷಗಳಲ್ಲಿ ಮಾತ್ರ ಬಿಡಿಸಬಹುದು. ಆಮೇಲೆ ತೆಳು ಗರಗಸದಿಂದ ಸೀಳಿ ಮತ್ತೆ ಕೂಡಿಸಬೇಕು, ಏಕೆಂದರೆ ಅಲ್ಲಿ ಬಿಡಿಸಲು ಅಂಟೆಂಬ ಪದರವೇ ಇಲ್ಲ. ಸೂಪರ್‌ಗ್ಲೂ ಸಂದು ಹಾಗಲ್ಲ. ಮಾದರಿಯನ್ನು ಫ್ರೀಜರಿನಲ್ಲಿ ಒಂದೆರಡು ಗಂಟೆ ಇಟ್ಟು ತೆಗೆದರೆ ಪೆಡಸಾದ ಅಂಟು ಸಣ್ಣ ತಿರುವಿಗೇ ಬಿಟ್ಟುಕೊಡುತ್ತದೆ. ಲೋಹದ ಭಾಗಗಳನ್ನು ಅಸಿಟೋನಿನಲ್ಲಿ ನೆನೆಹಾಕಬಹುದು. ಪಾಲಿಸ್ಟೈರೀನ್ ಭಾಗಗಳಿಗೆ ಅಸಿಟೋನ್ ಮುಟ್ಟಿಸಲೇಬಾರದು, ಅದು ಸಿಮೆಂಟಿನ ಮೂಲ ದ್ರಾವಕಗಳಲ್ಲಿ ಒಂದು. ಬಾಯಿ ಬಿಟ್ಟ ಸಂದನ್ನು ತುಂಬಲು, ಅದೇ ಕಿಟ್ಟಿನ ಸ್ಪ್ರೂ ಚೂರುಗಳನ್ನು ಸಿಮೆಂಟಿನಲ್ಲಿ ಕರಗಿಸಿದ ಲೇಹ್ಯದಂಥ ಪುಟ್ಟಿ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ, ಭಾಗವೂ ತುಂಬಿದ್ದೂ ಒಂದೇ ವಸ್ತುವಾದ್ದರಿಂದ.

ಸುರಕ್ಷತೆ

ಸಿಮೆಂಟ್ ಬಳಸುವ ಕೋಣೆಯಲ್ಲಿ ಗಾಳಿ ಆಡುತ್ತಿರಬೇಕು, ಹತ್ತಿರ ಬೆಂಕಿ ಇರಬಾರದು. ಹಳೆಯ ಟಾಲ್ವೀನ್ ಸಿಮೆಂಟನ್ನು ಮೂಸುವ ಚಟ 1960ರ ದಶಕದಲ್ಲಿ ಅಮೆರಿಕದ ಎಳೆಯರಲ್ಲಿ ಹರಡಿದ್ದರಿಂದ ಕೆಲವು ಸಿಮೆಂಟ್‌ಗಳಿಗೆ ಸಾಸಿವೆ ಎಣ್ಣೆಯ ಘಾಟು ಸೇರಿಸಲಾಯಿತು. ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಿಂದ ಸಿಗುವ ಲಿಮೊನೀನ್ ಸಿಮೆಂಟ್ ಕಡಿಮೆ ಕಟುವಾದ ಬದಲಿ. ಚರ್ಮಕ್ಕೆ ಹತ್ತಿದ ಸೂಪರ್‌ಗ್ಲೂವನ್ನು ಎಳೆದು ಕೀಳದೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಬೇಕು. ಚೆಲ್ಲಿದ ಸೂಪರ್‌ಗ್ಲೂವನ್ನು ಹತ್ತಿಯಿಂದಾಗಲಿ ಹತ್ತಿಬಟ್ಟೆಯಿಂದಾಗಲಿ ಒರೆಸಬಾರದು: ಹತ್ತಿಯ ಸಂಪರ್ಕದಲ್ಲಿ ಅದು ಕೂಡಲೇ ಗಟ್ಟಿಯಾಗುತ್ತ ಸುಡುವಷ್ಟು ಬಿಸಿಯಾಗುತ್ತದೆ. ರೆಸಿನ್ನನ್ನು ಒದ್ದೆ ಮಾಡಿ ಉಜ್ಜುವುದು, ಮುಖಕ್ಕೆ ಮಾಸ್ಕ್ ಕಟ್ಟುವುದು ಅಗತ್ಯ. ಬೆಳಕಿನಲ್ಲಿ ಹದವಾಗುವ ಹಸಿ ರೆಸಿನ್ನನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮದ ಅಲರ್ಜಿ ಬರಬಹುದು.

ಇಂದಿನ ಸ್ಥಿತಿ

ಅಚ್ಚುಗಳನ್ನು ಗಣಕಯಂತ್ರದಲ್ಲಿ ವಿನ್ಯಾಸ ಮಾಡತೊಡಗಿದ ಮೇಲೆ ಹೊಸ ಕಿಟ್‌ಗಳಲ್ಲಿ ಸಂದುಗಳು ನಿಜವಾದ ವಿಮಾನದ ತಗಡು ಕೂಡುವ ಗೆರೆಗಳ ಮೇಲೆಯೇ ಬೀಳುವಂತೆ ಯೋಜಿಸಲಾಗುತ್ತಿದೆ. ಅಂಟಿಲ್ಲದೆ ಒತ್ತಿ ಕೂರಿಸುವ ಕಿಟ್‌ಗಳು ಅಂಟಿನ ದೋಷಗಳನ್ನು ಕಳೆದು, ಒತ್ತಡದ ಬಿರುಕನ್ನು ಮುಂದೆ ತಂದಿವೆ. ಮನೆಯಲ್ಲೇ 3ಡಿ ಮುದ್ರಿಸುವವರು ಹೆಚ್ಚಿದಂತೆ ಪಾಲಿಸ್ಟೈರೀನ್ ಅಲ್ಲದ ಭಾಗಗಳೂ ಹೆಚ್ಚುತ್ತಿವೆ. 1963ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿದ ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಮಾದರಿಕಾರರ ಸಂಘದ ಸ್ಪರ್ಧೆಗಳಲ್ಲಿ ತೀರ್ಪುಗಾರರು ಇಂದಿಗೂ ಮೊದಲು ನೋಡುವುದು ಬಣ್ಣವನ್ನಲ್ಲ, ಸಂದುಗಳು ಅಳಿದಿವೆಯೇ, ರೆಕ್ಕೆ ಗಾಲಿಗಳು ನೇರವಾಗಿವೆಯೇ, ಪಾರದರ್ಶಕ ಭಾಗಗಳ ಮೇಲೆ ಅಂಟಿನ ಕಲೆ ಇದೆಯೇ ಎಂಬುದನ್ನು.